ಹಾವು ಇಲಿ ಮುಟ್ಟದಿದ್ದಾಗ: ಮಾಡಿ ನೋಡಿದ ದಾರಿಗಳಲ್ಲಿ ಯಾವುದು ಮೇಲು?

ಚಿಕ್ಕಬಳ್ಳಾಪುರದಲ್ಲಿ ಚಳಿ ಹಿಡಿದರೆ ಸಾಕು, ನನ್ನ ಬಾಲ್ ಪೈಥಾನ್ ಊಟ ಬಿಡುತ್ತದೆ. ಗಂಡು ಹಾವು, ಪೂರ್ತಿ ಬೆಳೆದಿದೆ. ಈ ಜಾತಿಯ ಗಂಡುಗಳು ಬೆದೆಯ ಕಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇರುವುದು ಹೊಸದಲ್ಲ. ಆದರೂ ಇಟ್ಟ ಇಲಿ ಹಾಗೇ ಬಿದ್ದಿದ್ದರೆ ಮನಸ್ಸು ಕೇಳುವುದಿಲ್ಲ, ಅಲ್ವಾ? ಅದಕ್ಕೇ ಬೇರೆ ಬೇರೆಯವರು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ.

ಒಂದು ಮಾತು ಮೊದಲೇ. ನಾಗರ, ಕೇರೆ, ನಮ್ಮ ಕಾಡಿನ ಹೆಬ್ಬಾವು, ಇವನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಬಾಲ್ ಪೈಥಾನ್ ಆಫ್ರಿಕಾದ ಹೆಬ್ಬಾವು. ಅದನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಜೀವಂತ ಇಲಿಯೋ, ಫ್ರೀಜರ್ ಇಲಿಯೋ (ಅಂದರೆ ಫ್ರೀಜರ್‌ನಲ್ಲಿಟ್ಟ ಸತ್ತ ಇಲಿ)? ಜೀವಂತ ಇಲಿ ಓಡಾಡುವುದನ್ನು ಕಂಡರೆ ಹಾವಿಗೆ ಆಸೆ ಬೇಗ ಹುಟ್ಟುತ್ತದೆ, ನಿಜ. ಆದರೆ ಹಾವಿಗೆ ಹಸಿವಿಲ್ಲದಿದ್ದರೆ ಕಚ್ಚುವುದು ಇಲಿ. ಬೆನ್ನಿನ ಚರ್ಮ ಕಿತ್ತುಬರುವಷ್ಟು ಕಚ್ಚಬಲ್ಲದು. ನಾನು ಎದುರಿಗೇ ಕೂತಿದ್ದು, ಹಾವು ತಲೆ ತಿರುಗಿಸಿದ ಕೂಡಲೇ ಇಲಿಯನ್ನು ತೆಗೆದುಬಿಟ್ಟೆ. ಫ್ರೀಜರ್ ಇಲಿಯಲ್ಲಿ ಈ ಭಯ ಇಲ್ಲ. ರಾತ್ರಿ ಪೂರ್ತಿ ಒಳಗೇ ಬಿಡಬಹುದು, ಬೆಳಿಗ್ಗೆ ತೆಗೆದರಾಯಿತು. ಕೆಲಸ ಮಾತ್ರ ಜಾಸ್ತಿ. ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ಕರಗಿಸಬೇಕು. ಆಮೇಲೆ ಕವರ್‌ನಲ್ಲಿ ಹಾಕಿ ಬಿಸಿನೀರಲ್ಲಿ ಮುಳುಗಿಸಿ, ಇಲಿಯ ಮೈ 38–40 ಡಿಗ್ರಿಗೆ ಬರುವಂತೆ ನೋಡಿಕೊಳ್ಳಬೇಕು. ಕುದಿಯುವ ನೀರು ಬೇಡ, ಹೊಟ್ಟೆ ಒಡೆಯುತ್ತದೆ. ಈ ಹಾವಿನ ತುಟಿಯ ಮೇಲೆ ಬಿಸಿಯನ್ನು ಗುರುತಿಸುವ ಸಣ್ಣ ಗುಳಿಗಳಿವೆ. ತಣ್ಣಗಿನ ಇಲಿ ಅದಕ್ಕೆ ಇಲಿಯೇ ಅಲ್ಲ. ತಲೆಯ ಭಾಗಕ್ಕೆ ಮಾತ್ರ ಹೇರ್ ಡ್ರೈಯರ್ ಹಿಡಿದು ಕೊಟ್ಟ ದಿನ ನನ್ನ ಹಾವು ಮೂತಿ ಎತ್ತಿತು. ನನ್ನ ಓಟು ಬಿಸಿ ಮಾಡಿದ ಫ್ರೀಜರ್ ಇಲಿಗೆ. ಮನೆಯಲ್ಲಿ ಹಿಡಿದ ಇಲಿಯನ್ನಂತೂ ಕೊಡಲೇಬೇಡಿ. ಅದು ಪಾಷಾಣ ತಿಂದಿರಬಹುದು, ಹೊಟ್ಟೆಯಲ್ಲಿ ಹುಳ ಇರಬಹುದು. ಹಾಲು, ಮೊಟ್ಟೆ ಇಡಿ ಎನ್ನುವವರೂ ಇದ್ದಾರೆ. ಹಾವಿನ ಊಟ ಹಾಲಲ್ಲ, ಬಾಲ್ ಪೈಥಾನ್ ಮೊಟ್ಟೆ ತಿನ್ನುವ ಜಾತಿಯೂ ಅಲ್ಲ.

ಇಲಿಗಿಂತ ಹೆಚ್ಚು ಫರಕು ಕಂಡದ್ದು ಬಿಸಿಯಲ್ಲಿ. ಗೂಡಿನ ಒಂದು ಬದಿ 31–32 ಡಿಗ್ರಿ, ಇನ್ನೊಂದು ಬದಿ 25–26 ಇರಬೇಕು. ಮೇಲಿನಿಂದ ಬಿಸಿ ಕೊಡುವ ಸೆರಾಮಿಕ್ ಬಲ್ಬು ಗಾಳಿಯನ್ನೂ ಬೆಚ್ಚಗಿಡುತ್ತದೆ. ನಮ್ಮ ಬಯಲುಸೀಮೆಯ ಚಳಿಗಾಲವೇ ಒಣ, ಬಲ್ಬು ಇನ್ನೂ ಒಣಗಿಸುತ್ತದೆ. ಈ ಹಾವಿಗೆ ಗಾಳಿಯಲ್ಲಿ ಕನಿಷ್ಠ ಶೇ. 60ರಷ್ಟು ತೇವ ಬೇಕು, ಇಲ್ಲದಿದ್ದರೆ ಪೊರೆ ತುಂಡುತುಂಡಾಗಿ ಬಿಡುತ್ತದೆ. ಕರೆಂಟ್ ಹೋದಾಗ ಬಲ್ಬು ಯುಪಿಎಸ್ ಬ್ಯಾಟರಿಯನ್ನೂ ಬೇಗ ಖಾಲಿ ಮಾಡುತ್ತದೆ. ಕೆಳಗೆ ಹಾಸುವ ಹೀಟ್ ಮ್ಯಾಟ್ ತೇವ ಕೆಡಿಸುವುದಿಲ್ಲ, ಕರೆಂಟೂ ಕಡಿಮೆ. ಆದರೆ ನಂದಿ ಬೆಟ್ಟದ ಕಡೆಯಿಂದ ಗಾಳಿ ಬೀಸುವ ರಾತ್ರಿ ಮ್ಯಾಟ್ ಒಂದೇ ಸಾಲದು. ನಾನು ಗೂಡನ್ನು ನಡುಮನೆಗೆ ತಂದು, ಮೂರು ಕಡೆ ಥರ್ಮೊಕೋಲ್ ಹಚ್ಚಿ, ಮ್ಯಾಟನ್ನೇ ಉಳಿಸಿಕೊಂಡೆ. ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೊಸ್ಟಾಟ್ ಇಲ್ಲದೆ ಯಾವುದನ್ನೂ ಹಾಕಬೇಡಿ, ಹಾವಿನ ಹೊಟ್ಟೆ ಸುಡುತ್ತದೆ.

ಗಾಜಿನ ಟ್ಯಾಂಕು ನೋಡಲು ಚೆಂದ. ಆದರೆ ನಾಲ್ಕೂ ಕಡೆ ತೆರೆದಿದ್ದರೆ ಹಾವಿಗೆ ಬಚ್ಚಿಟ್ಟುಕೊಂಡ ನೆಮ್ಮದಿ ಇಲ್ಲ. ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಗಾಳಿಗೆ ತೂತು ಕೊರೆದು, ಬಿಸಿ ಬದಿಗೊಂದು, ತಂಪು ಬದಿಗೊಂದು ಅಡಗಿಕೊಳ್ಳಲು ಇಕ್ಕಟ್ಟಾದ ಮರೆ ಇಟ್ಟೆ. ನನ್ನ ಹಾವು ಊಟಕ್ಕೆ ಮರಳಿದ್ದು ಅಲ್ಲಿ, ರಾತ್ರಿ, ದೀಪ ಆರಿಸಿದ ಮೇಲೆ.

ಇನ್ನು ಕಾಯುವುದೋ, ಬಾಯಿ ತೆರೆಸಿ ತುರುಕುವುದೋ ಎಂಬ ಪ್ರಶ್ನೆ. ತುರುಕುವುದನ್ನು ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಬಾಯಿಗೆ ಗಾಯವಾಗುತ್ತದೆ, ಹಾವು ಹೆದರುತ್ತದೆ, ತಿಂದದ್ದನ್ನು ಕಕ್ಕಿಬಿಡಬಹುದು. ಅದು ಡಾಕ್ಟರ ಕೈಯಲ್ಲೇ, ಕೊನೆಯ ದಾರಿಯಾಗಿಯೇ ಆಗಬೇಕು. ನಮ್ಮಮ್ಮ ಶಿಡ್ಲಘಟ್ಟದವರು, ರೇಷ್ಮೆ ಹುಳು ಸಾಕಿದವರು. ಹಾವಿನ ಕಣ್ಣು ಮಬ್ಬು ನೀಲಿಯಾದಾಗಲೂ ನಾನು ಇಲಿ ಹಿಡಿದು ನಿಂತದ್ದು ನೋಡಿ, "ಜ್ವರಕ್ಕೆ ಕೂತಿರೋ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರೇನಪ್ಪಾ?" ಎಂದರು. ರೇಷ್ಮೆ ಹುಳು ಪೊರೆ ಬಿಡುವ ಹೊತ್ತಿಗೆ ಜ್ವರ ಎನ್ನುತ್ತಾರೆ. ಸರಿಯಾದ ಮಾತು, ಹಾವಿನ ಕಣ್ಣು ಮಬ್ಬಾಗುವುದೂ ಪೊರೆ ಬಿಡುವ ಮುಂಚೆಯೇ. ಪೊರೆ ಬಿಡುವ ಮುಂಚೆ ಹಾವು ತಿನ್ನದಿರುವುದು ಸಹಜ. ಆಗ ಸುಮ್ನೆ ಬಿಡಬೇಕು, ಎತ್ತಿಕೊಳ್ಳಲೂ ಬಾರದು.

ಆದರೆ ಕಾಯುವುದು ಎಂದರೆ ಮರೆತು ಕೂರುವುದಲ್ಲ. ನಾನು ತಕ್ಕಡಿಯಲ್ಲಿ ತೂಗಿ ಬರೆದಿಡುತ್ತೇನೆ. ತೂಕ ನಿಂತಲ್ಲೇ ನಿಂತಿದ್ದರೆ ವಾರ, ಹತ್ತು ದಿನಕ್ಕೊಮ್ಮೆ ಇಲಿ ತೋರಿಸಿದರೆ ಸಾಕು. ದಿನಾ ತೋರಿಸಿದರೆ ಹಾವಿಗೆ ಕಿರಿಕಿರಿ. ತೂಕ ಶೇ. 10ರಷ್ಟು ಇಳಿದರೆ, ಉಸಿರಾಡುವಾಗ ಸುಯ್ ಎನ್ನುವ ಸದ್ದು ಬಂದರೆ, ಬಾಯಲ್ಲಿ ನೊರೆ, ಹುಣ್ಣು ಕಂಡರೆ, ಹುರುಪೆಗಳ ನಡುವೆ ಸಣ್ಣ ಕಪ್ಪು ಉಣ್ಣಿ ಹುಳ ಓಡಾಡಿದರೆ ಕಾಯಬೇಡಿ. ಹಾವು ನೋಡಿ ಅನುಭವ ಇರುವ ಡಾಕ್ಟರ ಹತ್ತಿರ ಹೋಗಿ. ನಾನು ಬೆಂಗಳೂರಿಗೇ ಹೋಗುತ್ತೇನೆ. ಬಟ್ಟೆ ಚೀಲದಲ್ಲಿ ಕಟ್ಟಿ, ತೂತು ಮಾಡಿದ ಥರ್ಮೊಕೋಲ್ ಡಬ್ಬದಲ್ಲಿಟ್ಟು, ಬಿಸಿಲು ಏರಿದ ಮೇಲೆ ಹೊರಡಿ. ತೂಕ ಬರೆದ ಪುಸ್ತಕ ಜೊತೆಗಿರಲಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.