ಓಲಾಡುವ ದೋಣಿಗೆ ನಾಲ್ಕು ಮದ್ದು

ದಡದಲ್ಲಿ ನಿಂತು ರಿಮೋಟಿನಿಂದ ಓಡಿಸುವ ನನ್ನ ಪುಟ್ಟ ಮಾದರಿ ದೋಣಿ ಗಂಟೆಗೆ ಅರವತ್ತು ಕಿಲೋಮೀಟರ್ ಮುಟ್ಟುವವರೆಗೆ ಬಲು ಸಾಧು. ಅಲ್ಲಿಂದಾಚೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲತೊಡಗುತ್ತಿತ್ತು. ಮೂರು ನಾಲ್ಕು ಸಲ ವಾಲುವಷ್ಟರಲ್ಲಿ ಓಲಾಟ ಇಮ್ಮಡಿಯಾಗಿ, ದೋಣಿ ಪಕ್ಕಕ್ಕೆ ಹೊರಳಿ ತಲೆಕೆಳಗಾಗುತ್ತಿತ್ತು. ಹವ್ಯಾಸಿಗಳು ಈ ಕಾಯಿಲೆಯನ್ನು ಚೈನ್ ವಾಕ್ ಎನ್ನುತ್ತಾರೆ. ಸರಪಳಿಗೂ ಇದಕ್ಕೂ ಸಂಬಂಧವಿಲ್ಲ. ತಳವೂ ಪಕ್ಕವೂ ಕೂಡುವ ಅಂಚಿಗೆ ಇಂಗ್ಲಿಷಿನಲ್ಲಿ ಚೈನ್ (chine) ಎಂದು ಹೆಸರು. ದೋಣಿ ಎರಡು ಅಂಚುಗಳ ಮೇಲೆ ಕಾಲು ಬದಲಿಸುತ್ತ ನಡೆದಂತೆ ಕಾಣುವುದರಿಂದ ಹಾಗೆ ಕರೆಯುತ್ತಾರೆ.

ದೋಣಿ ನಾನೇ ಕಟ್ಟಿದ್ದು. 70 ಸೆಂಟಿಮೀಟರ್ ಉದ್ದ, 3 ಮಿಲಿಮೀಟರ್ ಪ್ಲೈವುಡ್, ವಿ ಆಕಾರದ ತಳ, ಮೇಲೆ ಎಪಾಕ್ಸಿ ಲೇಪ. 36 ಮಿಲಿಮೀಟರ್ ದಪ್ಪದ ಬ್ರಷ್‌ಲೆಸ್ ಮೋಟಾರು, ನಾಲ್ಕು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ, 38 ಮಿಲಿಮೀಟರ್ ಪ್ರೊಪೆಲರ್. ಎಲ್ಲ ಸೇರಿ ಎರಡು ಕಿಲೋ. ಇಂಥ ದೋಣಿ ವೇಗ ಹೆಚ್ಚಿದಂತೆ ನೀರಿನಿಂದ ಮೇಲೇಳುತ್ತದೆ. ಪೂರ್ತಿ ವೇಗದಲ್ಲಿ ನೀರಿಗೆ ತಾಗಿರುವುದು ಹಿಂಭಾಗದ ಅಂಗೈಯಗಲದ ಜಾಗ ಮಾತ್ರ. ಆ ಅಂಗೈ ಸರಿಯಿಲ್ಲದಿದ್ದರೆ ಮಿಕ್ಕಿದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಇದು ನನಗೆ ಹೊಳೆದದ್ದು ಮಾತ್ರ ಕೊನೆಯಲ್ಲಿ.

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ನಾನು ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ಕೆರೆಯಲ್ಲಿ, ಗಾಳಿ ಏಳುವ ಮುನ್ನ ಬೆಳಗಿನ ಆರೂವರೆಗೆ, ತುಂಬಿದ ಬ್ಯಾಟರಿಯೊಂದಿಗೆ ಓಡಿಸಿದೆ. ವೇಗ ಅಳೆಯಲು ಒಳಗೊಂದು ಪುಟ್ಟ ಜಿಪಿಎಸ್. ಏನನ್ನೂ ಬದಲಿಸದ ದೋಣಿಯ ಅತಿ ಹೆಚ್ಚಿನ ವೇಗ 64. ಅದನ್ನು ಕಂಡದ್ದು ಮಗುಚುವ ಕ್ಷಣಕ್ಕೆ ಮುಂಚೆ.

ಮೊದಲು ಟ್ರಿಮ್ ಟ್ಯಾಬ್. ಹಿಂಬದಿಯ ಹಲಗೆಗೆ, ತಳಕ್ಕೆ ಸಮನಾಗಿ ಸ್ಕ್ರೂ ಹಾಕಿ ಕೂರಿಸುವ ಎರಡು ಸ್ಟೀಲ್ ತಗಡುಗಳು ಇವು. ಅವುಗಳ ತುದಿಯನ್ನು ಒಂದು ಮಿಲಿಮೀಟರ್ ಕೆಳಕ್ಕೆ ಬಾಗಿಸಿದೆ. ನೀರು ತಗಡನ್ನು ಮೇಲಕ್ಕೆ ಒತ್ತುತ್ತದೆ, ಹಿಂಭಾಗ ಏಳುತ್ತದೆ, ಮೂಗು ತಗ್ಗುತ್ತದೆ, ತಳದ ಹೆಚ್ಚು ಭಾಗ ನೀರಿಗೆ ಕೂರುತ್ತದೆ. ಓಲಾಟ ಆ ಬೆಳಿಗ್ಗೆಯೇ ನಿಂತಿತು. ಆ ಸಂತೋಷ ಜಿಪಿಎಸ್ ನೋಡುವವರೆಗೆ: 57. ಮೋಟಾರು ಮುಟ್ಟಲಾಗದಷ್ಟು ಕಾದಿತ್ತು. ಏಳು ಕಿಲೋಮೀಟರ್ ವೇಗ ಕೊಟ್ಟು ನೆಮ್ಮದಿ ಕೊಂಡಂತಾಯಿತು. ಜ್ವರಕ್ಕೆ ತಣ್ಣೀರು ಬಟ್ಟೆ ಹಾಕಿದ ಹಾಗೆ ಇದು. ಮೈ ತಣ್ಣಗಾಗುತ್ತದೆ, ಜ್ವರದ ಮೂಲ ಅಲ್ಲೇ ಇರುತ್ತದೆ.

ಟ್ಯಾಬ್ ಕೆಟ್ಟ ವಸ್ತು ಎನ್ನುತ್ತಿಲ್ಲ. ಅದರ ನಿಜವಾದ ಉಪಯೋಗ ಬೇರೆ. ಹಿಂದಿನಿಂದ ನೋಡಿದರೆ ನನ್ನ ಪ್ರೊಪೆಲರ್ ಅಪ್ರದಕ್ಷಿಣವಾಗಿ ತಿರುಗುತ್ತದೆ; ಅದರ ಎದುರೇಟಿಗೆ ದೋಣಿಯ ಒಡಲು ಪ್ರದಕ್ಷಿಣವಾಗಿ ತಿರುಚಿಕೊಂಡು ಬಲಪಕ್ಕ ತಗ್ಗುತ್ತದೆ. ಬಲಗಡೆಯ ಟ್ಯಾಬ್ ಒಂದನ್ನೇ ಅರ್ಧ ಮಿಲಿಮೀಟರ್ ಬಾಗಿಸಿದರೆ ಆ ವಾಲುವಿಕೆ ನೆಟ್ಟಗಾಗುತ್ತದೆ, ವೇಗ ಹೆಚ್ಚೇನೂ ಇಳಿಯುವುದಿಲ್ಲ. ಅಷ್ಟಕ್ಕೆ ಅದನ್ನು ಉಳಿಸಿಕೊಂಡಿದ್ದೇನೆ.

ಎರಡನೆಯದು ಬ್ಯಾಟರಿ ಸರಿಸುವುದು. ಇದಕ್ಕೆ ಕಾಸು ಬೇಡ, ವೆಲ್ಕ್ರೋ ಬಿಚ್ಚಿ ಅಂಟಿಸಿದರಾಯಿತು. ವಿ ತಳದ ದೋಣಿಗೆ ಗುರುತ್ವಕೇಂದ್ರ ಹಿಂಬದಿಯಿಂದ ಉದ್ದದ ಶೇಕಡಾ 30ರ ಆಸುಪಾಸಿನಲ್ಲಿರಬೇಕು ಎಂಬುದು ರೂಢಿಯ ಲೆಕ್ಕ. ನನ್ನದಕ್ಕೆ 21 ಸೆಂಟಿಮೀಟರ್. ಎರಡು ಬೆರಳ ಮೇಲೆ ತೂಗಿ ನೋಡಿದಾಗ ಅದು 19ರಲ್ಲಿತ್ತು. ಬ್ಯಾಟರಿಯ ತೂಕ 500 ಗ್ರಾಂ, ಅಂದರೆ ದೋಣಿಯ ಕಾಲುಭಾಗ. ಹಾಗಾಗಿ ಕೇಂದ್ರ ಎರಡು ಸೆಂಟಿಮೀಟರ್ ಮುಂದೆ ಹೋಗಲು ಬ್ಯಾಟರಿ ಎಂಟು ಸೆಂಟಿಮೀಟರ್ ಮುಂದೆ ಹೋಗಬೇಕು. ಒಂದೆರಡು ಸೆಂಟಿಮೀಟರ್ ಸರಿಸಿ ‘ಏನೂ ಪ್ರಯೋಜನವಾಗಲಿಲ್ಲ’ ಎನ್ನುವವರು ಈ ಲೆಕ್ಕ ಮಾಡಿರುವುದಿಲ್ಲ.

ಎಂಟು ಸೆಂಟಿಮೀಟರ್ ಸರಿಸಿದ ಮೇಲೆ ನೇರ ಓಟದಲ್ಲಿ 62ರವರೆಗೆ ಓಲಾಟವೇ ಇಲ್ಲ. ಗೋಳು ಶುರುವಾದದ್ದು ತಿರುವಿನಲ್ಲಿ. ಬಲಕ್ಕೆ ತಿರುಗಿಸಿದೊಡನೆ ಮೂಗು ನೀರಿಗೆ ಕಚ್ಚಿಕೊಂಡು, ಹಿಂಭಾಗ ಗಿರ್ರನೆ ಸುತ್ತಿ ದೋಣಿ ಬಂದ ದಾರಿಗೆ ಮುಖ ಮಾಡಿ ನಿಲ್ಲುತ್ತಿತ್ತು. ಪಂದ್ಯದ ದೋಣಿಗಳು ತಿರುಗುವುದೇ ಬಲಕ್ಕೆ. ಹೀಗಾಗಿ ಈ ಮದ್ದನ್ನು ಪೂರ್ತಿ ಪ್ರಮಾಣದಲ್ಲಿ ಕುಡಿಸುವಂತಿಲ್ಲ.

ಮೂರನೆಯದು ಪ್ರೊಪೆಲರ್. 38ರ ಬದಲು 36 ಮಿಲಿಮೀಟರಿನದನ್ನು ಹಾಕಿದೆ. ಬೆರಿಲಿಯಂ ತಾಮ್ರದ ಎರಕ. ಅಂಚನ್ನು ನಾವೇ ಹರಿತ ಮಾಡಿ ಎರಡೂ ಎಸಳನ್ನು ತೂಕಕ್ಕೆ ಸರಿದೂಗಿಸಬೇಕು. ಅದರ ಪುಡಿ ಶ್ವಾಸಕೋಶಕ್ಕೆ ವಿಷ, ಒಣಗಿದ್ದಾಗ ಉಜ್ಜಲೇಬೇಡಿ. ನೀರು ಹಾಕುತ್ತ, ಮುಖಕ್ಕೆ ಒಳ್ಳೆಯ ಮಾಸ್ಕ್ ಕಟ್ಟಿಕೊಂಡು ಉಜ್ಜಿ. ಇಷ್ಟೆಲ್ಲ ಮಾಡಿದ ಮೇಲೆ ಓಲಾಟ ನಿಂತಿತು, ವೇಗ 59. ಮರುದಿನ ಯೋಚಿಸಿದಾಗ ನಗು ಬಂತು: ಕಾಯಿಲೆ ಬರುವುದು ಅರವತ್ತರ ಮೇಲೆ, ದೋಣಿ ಅಲ್ಲಿಗೆ ಹೋಗಲೇ ಇಲ್ಲ.

ಈ ನಡುವೆ ಒಂದು ದಿನ ದೋಣಿ ಮಗುಚಿ ಅಂತರಗಂಗೆ ಕಳೆಯ ನಡುವೆ ಸಿಕ್ಕಿಕೊಂಡಿತು. ಮೀನು ಹಿಡಿಯಲು ಬಂದಿದ್ದ ಹಿರಿಯರೊಬ್ಬರು ಹರಿಗೋಲಿನಲ್ಲಿ ಹೋಗಿ ತಂದುಕೊಟ್ಟರು. “ಇಷ್ಟು ಪಾಡು ಪಡುತ್ತೀರಲ್ಲ ಸ್ವಾಮಿ, ಒಂದು ಮೀನಾದರೂ ಸಿಗುತ್ತದೆಯೇ?” ಎಂದರು. ಉತ್ತರ ಹೊಳೆಯಲಿಲ್ಲ, ಚಹಾ ಕೊಡಿಸಿದೆ. ಮನೆಯಲ್ಲಿ ಕಳೆ ಬಿಡಿಸಲೆಂದು ದೋಣಿಯನ್ನು ಬೋರಲು ಹಾಕಿದಾಗ, ಕಿಟಕಿಯ ಬೆಳಕು ತಳದ ಮೇಲೆ ಒಂದೇ ಸಮ ಬೀಳದೆ ಹಿಂಬದಿಯ ಹತ್ತಿರ ಬಾಗಿದಂತೆ ಕಂಡಿತು.

ಉಕ್ಕಿನ ಸ್ಕೇಲನ್ನು ಉದ್ದಕ್ಕೆ ಇಟ್ಟು ನೋಡಿದೆ. ಕೊನೆಯ 15 ಸೆಂಟಿಮೀಟರಿನಲ್ಲಿ ತಳ ಮೆಲ್ಲಗೆ ಒಡಲಿನತ್ತ, ಅಂದರೆ ನೀರಿನಲ್ಲಿದ್ದಾಗ ಮೇಲಕ್ಕೆ, ಬಾಗಿತ್ತು. ಬೈಕ್ ಮೆಕ್ಯಾನಿಕ್ ಒಬ್ಬರಿಂದ ಟ್ಯಾಪೆಟ್ ಗೇಜ್ ಎರವಲು ತಂದು ಸಂದು ಅಳೆದರೆ, ಹಿಂದಿನ ಅಂಚಿನಲ್ಲಿ 1.2 ಮಿಲಿಮೀಟರ್. ಕಟ್ಟುವಾಗ ಉಪ್ಪುಕಾಗದವನ್ನು ಬರಿಗೈಯಲ್ಲಿ ಹಿಡಿದು ಉಜ್ಜಿದ್ದರ ಫಲ ಅದು. ಅಂಚಿನಲ್ಲಿ ಕೈ ಯಾವಾಗಲೂ ಹೆಚ್ಚು ಒತ್ತುತ್ತದೆ. ಉಬ್ಬಿ ಬಾಗಿದ ತಳದ ಗುಂಟ ನೀರು ಅಂಟಿಕೊಂಡು ಹರಿಯುವಾಗ ಹಿಂಭಾಗವನ್ನು ಕೆಳಕ್ಕೆ ಸೆಳೆಯುತ್ತದೆ. ಮೂಗು ಬೇಕಾದ್ದಕ್ಕಿಂತ ಹೆಚ್ಚು ಏಳುತ್ತದೆ, ನೀರಿನ ಮೇಲೆ ಉಳಿದ ಅಂಗೈಯಗಲವೂ ಕಿರಿದಾಗುತ್ತದೆ. ನಾನು ಬ್ಯಾಟರಿಯಿಂದಲೂ ತಗಡಿನಿಂದಲೂ ತಗ್ಗಿಸಲು ಹೆಣಗುತ್ತಿದ್ದುದು ನನ್ನ ಕೈಯೇ ಎಬ್ಬಿಸಿದ್ದ ಮೂಗನ್ನು.

ಎಪಾಕ್ಸಿಗೆ ಮರದ ನುಣ್ಣನೆಯ ಹೊಟ್ಟು ಕಲಸಿ ತಗ್ಗಿಗೆ ತುಂಬಿದೆ. ಎರಡು ದಿನ ಒಣಗಿದ ಮೇಲೆ ಒಂದಡಿ ಉದ್ದದ ನೇರ ಹಲಗೆಗೆ ಉಪ್ಪುಕಾಗದ ಅಂಟಿಸಿ, 180, 240, 400 ಎಂದು ಮೂರು ದರ್ಜೆಗಳಲ್ಲಿ, ಸ್ಕೇಲಿನ ಕೆಳಗೆ ಬೆಳಕು ನುಸುಳದಂತಾಗುವವರೆಗೆ ಉಜ್ಜಿದೆ. ಅಂದಕ್ಕೆಂದು ದುಂಡಗೆ ಮಾಡಿದ್ದ ಹಿಂಬದಿಯ ಅಂಚನ್ನೂ ಪಕ್ಕದಂಚುಗಳ ಹಿಂದಿನ ಮೂರನೆಯ ಒಂದು ಭಾಗವನ್ನೂ ಚೂಪಾಗಿಸಿದೆ. ದುಂಡಂಚಿಗೆ ನೀರು ಸುತ್ತಿಕೊಂಡು ಪಕ್ಕಕ್ಕೆ ಏರುತ್ತದೆ. ಚೂಪಂಚಿನಲ್ಲಿ ಕಡಿದು ಬೀಳುತ್ತದೆ.

ಎರಡೂ ಟ್ಯಾಬ್ ತಳಕ್ಕೆ ಸಮ, ಬ್ಯಾಟರಿ ಹಳೆಯ ಜಾಗದಲ್ಲಿ, 38ರ ಪ್ರೊಪೆಲರ್. 67 ಬಂತು. ಓಲಾಟ 65ರವರೆಗೆ ಇಲ್ಲ, ಆಮೇಲೆ ಸಣ್ಣದೊಂದು ನಡುಕ. ಬ್ಯಾಟರಿಯನ್ನು ನಾಲ್ಕು ಸೆಂಟಿಮೀಟರ್ ಮುಂದೆ ಸರಿಸಿ ಕೇಂದ್ರವನ್ನು 20ಕ್ಕೆ ತಂದು, ಬಲ ಟ್ಯಾಬನ್ನು ಮೊದಲಿನ ಹಾಗೆ ಅರ್ಧ ಮಿಲಿಮೀಟರ್ ಬಾಗಿಸಿದಾಗ ಅದೂ ಹೋಯಿತು. ವೇಗ 66, ಬಲ ತಿರುವೂ ಶುದ್ಧ.

ಈ ನಾಲ್ಕರಲ್ಲಿ ಸಂಜೆಯೊಳಗೆ ಓಡಲೇಬೇಕಾದವರು ಟ್ಯಾಬ್ ಬಾಗಿಸಲಿ. ಕೊಂಡುತಂದ ಫೈಬರ್ ದೋಣಿಯವರು ಮೊದಲು ಬ್ಯಾಟರಿ ಸರಿಸಲಿ. ಕೈಯಾರೆ ಕಟ್ಟಿದವರು ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮುನ್ನ ಸ್ಕೇಲ್ ಇಟ್ಟು ನೋಡಲಿ. ಓಲಾಟಕ್ಕೆ ಮದ್ದೆಂದು ಪ್ರೊಪೆಲರ್ ಕೊಳ್ಳುವುದನ್ನು ಯಾರಿಗೂ ಹೇಳಲಾರೆ.

ಎಡಕ್ಕೆ ತಿರುಗಿಸಿದರೆ ಚುಕ್ಕಾಣಿಯ ಸುತ್ತ ಗಾಳಿ ಹೊಕ್ಕು ಅದು ಈಗಲೂ ಹಿಡಿತ ಬಿಡುತ್ತದೆ. ಅಲಗಿನ ಮುಂದಂಚನ್ನು ಹರಿತ ಮಾಡಿ ನೋಡುವುದು ಮುಂದಿನ ಭಾನುವಾರದ ಕೆಲಸ.