ಮೆತ್ತಗಿದ್ದರೆ ಸಾಕಾ? ಸಿಲಿಕೋನ್ ಆಟಿಕೆಗಳ ಗಟ್ಟಿತನ: ವರ್ಷಗಳ ಬಳಕೆಯ ನಂತರ

ನಮ್ಮ ಮನೆಯಲ್ಲಿ ಮೂರು ಡಿಲ್ಡೋಗಳಿವೆ, ಅಂದರೆ ಲೈಂಗಿಕ ಸುಖಕ್ಕೆ ಬಳಸುವ ಶಿಶ್ನದ ಆಕಾರದ ಆಟಿಕೆಗಳು. ಮೂರೂ ಸಿಲಿಕೋನಿನವೇ. ಒಂದು ತುಂಬಾ ಮೆತ್ತಗೆ, ಒಂದು ಗಟ್ಟಿ, ಇನ್ನೊಂದು ಎರಡು ಪದರದ್ದು. ಶಿವಮೊಗ್ಗದ ಮೆಡಿಕಲ್ ಶಾಪಿನಲ್ಲಿ ಕಾಂಡೋಮ್ ಕೇಳಿದರೇ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ, ಇನ್ನು ಇದನ್ನು ಒತ್ತಿ ನೋಡಿ ತರುವುದು ಎಲ್ಲಿಂದ ಬಂತು? ಎಲ್ಲ ಆನ್‌ಲೈನ್. ಫೋಟೋದಲ್ಲಿ ಬಣ್ಣ ಕಾಣುತ್ತದೆ, ಉದ್ದ ಬರೆದಿರುತ್ತಾರೆ. ಎಷ್ಟು ಗಟ್ಟಿ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ನನ್ನ ಪ್ರಕಾರ ಉದ್ದಕ್ಕಿಂತ ಅದೇ ಮುಖ್ಯ.

ಗಟ್ಟಿತನಕ್ಕೆ ಶೋರ್ ಅಂತ ಒಂದು ಅಳತೆ ಇದೆ. ಸಣ್ಣ ಮೊನೆಯೊಂದನ್ನು ಸ್ಪ್ರಿಂಗಿನ ಬಲದಿಂದ ವಸ್ತುವಿನ ಮೇಲೆ ಒತ್ತಿ, ಅದು ಎಷ್ಟು ಒಳಗೆ ಹೋಯಿತು ಅಂತ ನೋಡುತ್ತಾರೆ. ಸಂಖ್ಯೆ ಜಾಸ್ತಿಯಾದಷ್ಟೂ ಗಟ್ಟಿ. ಗೊಂದಲ ಆಗುವುದು ಇಲ್ಲೇ. ಮೆತ್ತಗಿನ ವಸ್ತುಗಳಿಗೆ ಶೋರ್ 00, ಅದಕ್ಕಿಂತ ಗಟ್ಟಿಯವಕ್ಕೆ ಶೋರ್ ಎ. ಎರಡೂ ಬೇರೆ ಬೇರೆ ಅಳತೆ. 00-50 ಅಂತ ಬರೆದಿರುವುದು ಎ-10ಕ್ಕಿಂತ ಮೆತ್ತಗಿರುತ್ತದೆ! ಬರೀ '30' ಅಂತ ಹಾಕಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. 00-30 ಅಂದರೆ ಶೂ ಒಳಗೆ ಹಾಕುವ ಜೆಲ್ ಸೋಲಿನ ಹಾಗೆ. ಎ-30 ಅಂದರೆ ರಬ್ಬರ್ ಬ್ಯಾಂಡಿಗಿಂತ ಸ್ವಲ್ಪ ಗಟ್ಟಿ.

ಹೊಸಬರು ಮೆತ್ತಗಿನದನ್ನೇ ತಗೊಳ್ಳಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ 00-30ರದ್ದು ಕೈಯಲ್ಲಿ ಹಿಡಿದರೆ ತುಂಬಾ ಹಿತ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ, ಬಿಟ್ಟ ಕೂಡಲೇ ಮೇಲೆ ಬರುತ್ತದೆ. ಆದರೆ ಒಳಗೆ ಹಾಕುವಾಗ ಮಧ್ಯದಲ್ಲೇ ಬಗ್ಗುತ್ತದೆ. ಬುಡ ಹಿಡಿದು ತಳ್ಳಿದರೆ ತುದಿ ಎಲ್ಲೋ ಹೋಗಿರುತ್ತದೆ. ತುದಿಯ ಹತ್ತಿರವೇ ಹಿಡಿದು, ಜಾಸ್ತಿ ಲೂಬ್ (ಜಾರುವಂತೆ ಮಾಡುವ ಜೆಲ್) ಹಚ್ಚಿ, ನಿಧಾನವಾಗಿ ಮಾಡಬೇಕು. ಬೆಲ್ಟಿಗೆ ಸಿಕ್ಕಿಸಿಕೊಂಡು ಬಳಸುವವರಿಗಂತೂ ಇದು ಬೇಡವೇ ಬೇಡ.

ಇದರಲ್ಲಿ ದಪ್ಪದ ಲೆಕ್ಕವೂ ಇದೆ. ಅದೇ ಸಿಲಿಕೋನ್, ಅದೇ ಉದ್ದ ಇದ್ದು ದಪ್ಪ ಮಾತ್ರ ಎರಡರಷ್ಟಾದರೆ, ಬಗ್ಗಿಸಲು 16 ಪಟ್ಟು ಬಲ ಬೇಕು. ಹಾಗಾಗಿ ತೆಳ್ಳಗಿನದು ಬೇಕಿದ್ದರೆ ಸ್ವಲ್ಪ ಗಟ್ಟಿ ನೋಡಿ, ದಪ್ಪ ಬೇಕಿದ್ದರೆ ಮೆತ್ತಗಿನದು. ಗಟ್ಟಿಯೂ ದಪ್ಪವೂ ಎರಡೂ ಸೇರಿದರೆ ಆಗುವುದು ಸುಖವಲ್ಲ, ನೋವು. ಹಿಂಭಾಗಕ್ಕೆ ಬಳಸುವುದಾದರೆ ಬುಡ ಅಗಲವಾಗಿರಲೇಬೇಕು, ಇಲ್ಲದಿದ್ದರೆ ಒಳಗೇ ಹೋಗಿಬಿಡಬಹುದು.

ನಮ್ಮ ಗಟ್ಟಿಯದು ಎ-20. ತೆಳ್ಳಗಿದೆ, ತುದಿ ಸ್ವಲ್ಪ ಬಾಗಿದೆ. ಬೇಕಾದ ಜಾಗಕ್ಕೇ ಒತ್ತಡ ಬೀಳುತ್ತದೆ. ಇಷ್ಟವಾಗುವ ದಿನ ತುಂಬಾ ಇಷ್ಟ, ಇಲ್ಲದ ದಿನ ಬೇಡವೇ ಬೇಡ. ವೈಬ್ರೇಟರ್ ತಗೊಳ್ಳುವವರೂ ಇದನ್ನು ಗಮನಿಸಿ: ಮೆತ್ತಗಿನ ಸಿಲಿಕೋನ್ ಕಂಪನವನ್ನು ನುಂಗಿಬಿಡುತ್ತದೆ, ಗಟ್ಟಿಯದು ತುದಿಯವರೆಗೆ ತಲುಪಿಸುತ್ತದೆ.

ಡಬ್ಬಿಯಿಂದ ಜಾಸ್ತಿ ಹೊರಗೆ ಬರುವುದು ಮೂರನೆಯದು. ಒಳಗೆ ಗಟ್ಟಿ ತಿರುಳು, ಮೇಲೆ ಮೆತ್ತಗಿನ ಪದರ. ಬಗ್ಗುವುದಿಲ್ಲ, ಚುಚ್ಚುವುದೂ ಇಲ್ಲ. ಬೆಲೆ ಜಾಸ್ತಿ. ನಮ್ಮ ಯಜಮಾನ್ರು ಬಿಲ್ ನೋಡಿ "ಇದಕ್ಕೆ ಒಂದು ಮಿಕ್ಸಿ ಬರ್ತಿತ್ತಲ್ಲೇ" ಅಂದರು. ಈಗ ಅವರೇ ತೊಳೆದು ಒರೆಸಿ ಇಡುತ್ತಾರೆ.

ತೊಳೆಯುವುದರಲ್ಲಿ ಮೂರಕ್ಕೂ ವ್ಯತ್ಯಾಸ ಇದೆ. ಮೆತ್ತಗಿನದಕ್ಕೆ ಟವೆಲಿನ ನೂಲು, ಕೂದಲು, ಧೂಳು ಎಲ್ಲ ಅಂಟುತ್ತದೆ. ಬಳಸುವ ಮುಂಚೆ ಒಮ್ಮೆ ತೊಳೆಯದೆ ಆಗುವುದಿಲ್ಲ. ಉಗುರು ತಾಗಿದರೆ ಹರಿಯುವುದೂ ಅದೇ ಬೇಗ. ಮೋಟಾರ್ ಇಲ್ಲದ, ಪೂರ್ತಿ ಸಿಲಿಕೋನಿನದಾದರೆ ನೀರಿನಲ್ಲಿ ಕುದಿಸಬಹುದು. ಲೂಬ್ ನೀರಿನ ಆಧಾರದ್ದೇ ಇರಲಿ. ಸಿಲಿಕೋನ್ ಲೂಬ್ ಹಚ್ಚಿದರೆ ಸಿಲಿಕೋನಿನ ಮೈ ಅಂಟಂಟಾಗಿ ಹಾಳಾಗಬಹುದು.

ಮಳೆಗಾಲದ್ದು ಬೇರೆಯದೇ ಕಥೆ. ಜುಲೈಯಲ್ಲಿ ತೀರ್ಥಹಳ್ಳಿಯ ಅತ್ತೆ ಮನೆಯಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಸಿಲಿಕೋನ್ ನೀರು ಹೀರುವುದಿಲ್ಲ ನಿಜ, ಆದರೆ ಅದರ ಜೊತೆ ಬಂದ ಬಟ್ಟೆಯ ಚೀಲ ಹೀರುತ್ತದೆ. ಚೀಲದ ಒಳಗೆಲ್ಲ ಕಪ್ಪು ಚುಕ್ಕೆ ಬಂದಿತ್ತು. ಅದನ್ನು ಎಸೆದು ಈಗ ಫ್ಯಾನಿನ ಕೆಳಗೆ ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಇಡುತ್ತೇವೆ. ಮೂರನ್ನೂ ಬೇರೆ ಬೇರೆ. ಡಿಸೆಂಬರಿನಲ್ಲಿ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮೈಗೆ ಹಿತವಾಗುತ್ತದೆ, ಅಷ್ಟೇ. ಸಿಲಿಕೋನ್ ಅಷ್ಟಕ್ಕೆಲ್ಲ ಮೆತ್ತಗಾಗುವುದಿಲ್ಲ. ಬಿಸಿಗೆ ಮೆತ್ತಗಾಗುವುದು ಟಿಪಿಇ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್. ಅದಕ್ಕೆ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ, ಪೂರ್ತಿ ಶುದ್ಧ ಮಾಡುವುದು ಕಷ್ಟ. ಅಗ್ಗಕ್ಕೆ ಸಿಕ್ಕಿತು ಅಂತ ತರಿಸಬೇಡಿ.

'ಬಾಡಿ ಸೇಫ್' ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು. ಈ ವಸ್ತುಗಳ ಸುರಕ್ಷತೆಗೆ ಐಎಸ್ಒ 3533 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಬಂದಿದ್ದೇ 2021ರಲ್ಲಿ. ಡಬ್ಬಿ ತೆರೆದಾಗ ಹೊಸ ಪ್ಲಾಸ್ಟಿಕ್ ಚಪ್ಪಲಿಯ ವಾಸನೆ ಬಂದರೆ ನನಗಂತೂ ಅನುಮಾನ. ತೆರೆದ ಮೇಲೆ ವಾಪಸ್ ತಗೊಳ್ಳುವವರು ಕಡಿಮೆ, ಆದ್ದರಿಂದ ಆರ್ಡರ್ ಮಾಡುವ ಮುಂಚೆಯೇ ಶೋರ್ ಸಂಖ್ಯೆ ಕೇಳಿ, ಎ ಅಳತೆಯಾ, 00 ಅಳತೆಯಾ ಅಂತಲೂ ಕೇಳಿ. ಒಂದು ಅಂಗಡಿಯವರಿಗೆ ನಾನು ಹೀಗೆ ಕೇಳಿದ್ದಕ್ಕೆ "ವೆರಿ ಸಾಫ್ಟ್ ಮ್ಯಾಮ್, ಡೋಂಟ್ ವರಿ" ಅಂತ ಉತ್ತರ ಬಂತು. ಅಲ್ಲಿ ತಗೊಳ್ಳಲಿಲ್ಲ.