ಅಮೆರಿಕದ ಸೊರೋರಿಟಿ ರಿಕ್ರೂಟ್‌ಮೆಂಟ್: ಲೆಕ್ಕ ಚೊಕ್ಕ, ಅಂಕ ಹಾಕುವಲ್ಲೇ ಎಡವಟ್ಟು

ಅಮೆರಿಕದ ದೊಡ್ಡ ಕ್ಯಾಂಪಸ್ಸುಗಳಲ್ಲಿ ಸೊರೋರಿಟಿಗಳಿಗೆ, ಅಂದರೆ ವಿದ್ಯಾರ್ಥಿನಿಯರ ಸಂಘಗಳಿಗೆ, ಹುಡುಗಿಯರನ್ನು ಸೇರಿಸಿಕೊಳ್ಳುವ ಪ್ರಕ್ರಿಯೆಯನ್ನು ಅಲ್ಲಿನ ಪ್ಯಾನ್‌ಹೆಲೆನಿಕ್ ಕೌನ್ಸಿಲ್ ನಡೆಸುತ್ತದೆ. ರಿಜಿಸ್ಟ್ರೇಷನ್ ಫೀಸು ಕಟ್ಟಿಸಿಕೊಂಡು ಕೊಡುವ ಸೇವೆ ಇದು. ಮಗಳು ಈ ‘ರಷ್’ಗೆ ಹೆಸರು ಕೊಡುತ್ತೇನೆ ಎಂದಾಗ ಕನ್ನಡದ ಅಪ್ಪ ಅಮ್ಮ ಮೊದಲು ಕೇಳುವುದು ಖರ್ಚು. ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಯಾರನ್ನು ಇಟ್ಟುಕೊಂಡು ಯಾರನ್ನು ಬಿಟ್ಟರು ಎಂಬುದಕ್ಕೆ ಅಲ್ಲಿ ಬರೆದಿಟ್ಟ ನಿಯಮ ಇದೆಯೇ?

ಅರ್ಧ ಇದೆ. ನಿಯಮಗಳ ಚೌಕಟ್ಟು ಹಾಕಿಕೊಟ್ಟಿರುವುದು 1902ರಲ್ಲಿ ಹುಟ್ಟಿದ, ಸೊರೋರಿಟಿಗಳ ಒಕ್ಕೂಟವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್. ಓಪನ್ ಹೌಸ್, ಸೇವಾಕಾರ್ಯದ ಸುತ್ತು, ಸಿಸ್ಟರ್‌ಹುಡ್, ಕೊನೆಗೆ ಪ್ರೆಫರೆನ್ಸ್ ಎಂದು ಸಾಮಾನ್ಯವಾಗಿ ನಾಲ್ಕು ಸುತ್ತು. ಪ್ರತಿ ಸುತ್ತಿನ ನಂತರ ಹುಡುಗಿಯೂ ಚಾಪ್ಟರುಗಳನ್ನು (ಸೊರೋರಿಟಿಗಳ ಕ್ಯಾಂಪಸ್ ಶಾಖೆಗಳು, ‘ಮನೆ’ ಎಂದೂ ಕರೆಯುತ್ತಾರೆ) ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾಳೆ, ಚಾಪ್ಟರೂ ತನ್ನ ಪಟ್ಟಿಯನ್ನು ಮೊಟಕು ಮಾಡುತ್ತದೆ.

ಈ ಮೊಟಕು ಮಾಡುವ ಲೆಕ್ಕಕ್ಕೆ ರಿಲೀಸ್ ಫಿಗರ್ ಮೆಥಡ್ ಎನ್ನುತ್ತಾರೆ. ಇಡೀ ವ್ಯವಸ್ಥೆಯಲ್ಲಿ ಮೆಚ್ಚಬೇಕಾದ ಭಾಗ ಇದೇ. ಒಂದು ಕ್ಯಾಂಪಸ್ಸಿನಲ್ಲಿ 12 ಚಾಪ್ಟರು, ಕೊನೆಯ ಸುತ್ತಿಗೆ 1,200 ಹುಡುಗಿಯರು ಎಂದಿಟ್ಟುಕೊಳ್ಳಿ. ಕೋಟಾ, ಅಂದರೆ ಒಂದು ಚಾಪ್ಟರು ಸೇರಿಸಿಕೊಳ್ಳುವ ಹೊಸಬರ ಸಂಖ್ಯೆ, ಸುಮಾರು 100. ಕೊನೆಯ ಸುತ್ತಿಗೆ ಒಬ್ಬೊಬ್ಬಳು ಎರಡು ಮನೆಗೆ ಹೋಗುವುದರಿಂದ ಪ್ರತಿ ಚಾಪ್ಟರಿಗೂ 200 ಜನ ಬರಬೇಕು. ಹಿಂದಿನ ವರ್ಷಗಳಲ್ಲಿ ಕರೆದವರಲ್ಲಿ ನೂರಕ್ಕೆ 90 ಜನ ಮರಳಿ ಬಂದ ಚಾಪ್ಟರಿಗೆ ಸುಮಾರು 222 ಆಹ್ವಾನ ಸಾಕು; ನೂರಕ್ಕೆ 60 ಜನ ಬರುವ ಚಾಪ್ಟರು 333 ಜನರನ್ನು ಕರೆಯಬೇಕು. ಎಷ್ಟು ಜನರನ್ನು ಕರೆಯಬಹುದು ಎಂಬ ಸಂಖ್ಯೆಯನ್ನು ಪ್ರತಿ ಸುತ್ತಿಗೂ ಹೊರಗಿನ ತಜ್ಞೆ ಕೊಡುತ್ತಾರೆ, ಚಾಪ್ಟರು ಅದನ್ನು ಮೀರುವಂತಿಲ್ಲ. ಈ ಕಡಿವಾಣ ಇಲ್ಲದಿದ್ದರೆ ಹೆಸರುವಾಸಿ ಚಾಪ್ಟರು 500 ಜನರನ್ನು ಕೊನೆಯತನಕ ಆಸೆ ತೋರಿಸಿ ಇಟ್ಟುಕೊಂಡು, ಕಡೆಯ ದಿನ 400 ಜನರನ್ನು ಕೈಬಿಡುತ್ತದೆ. ಅಷ್ಟು ಹೊತ್ತಿಗೆ ಅವರೆಲ್ಲ ಬೇರೆ ಮನೆಗಳನ್ನು ತಾವೇ ಬಿಟ್ಟು ಬಂದಿರುತ್ತಾರೆ. ಮೊದಲ ಸುತ್ತಲ್ಲೇ ಹೆಸರುವಾಸಿ ಮನೆಗಳಿಂದ ದೊಡ್ಡ ಸಂಖ್ಯೆಯಲ್ಲಿ ‘ಇಲ್ಲ’ ಬರುವುದು ಇದೇ ಕಾರಣಕ್ಕೆ. ಅಳು ಬರಿಸುತ್ತದೆ ನಿಜ, ಆದರೆ ಬೇಗ ಹೇಳಿದ ‘ಇಲ್ಲ’ ಅದು.

ಕೊನೆಯ ಜೋಡಣೆ ಕಂಪ್ಯೂಟರಿನದು. ಇದನ್ನು ಅರ್ಥಶಾಸ್ತ್ರಜ್ಞರಾದ ಸೂಸನ್ ಮಾಂಜೆಲ್ ಮತ್ತು ಆಲ್ವಿನ್ ರಾಥ್ 1991ರಲ್ಲೇ ಅಧ್ಯಯನ ಮಾಡಿದ್ದರು. ರಾಥ್ ಅವರಿಗೆ 2012ರಲ್ಲಿ ನೊಬೆಲ್ ಬಂತು. ಹಲವು ಹುಡುಗಿಯರು ಕೊನೆಯ ಪಟ್ಟಿಯಲ್ಲಿ ಒಂದೇ ಚಾಪ್ಟರಿನ ಹೆಸರು ಬರೆದು ಕೂರುತ್ತಿದ್ದರು ಎಂಬುದನ್ನು ಅವರು ಗಮನಿಸಿದ್ದರು. ಈಗಲೂ ಅದು ಕೈಸುಟ್ಟುಕೊಳ್ಳುವ ದಾರಿಯೇ. ಕರೆದ ಎಲ್ಲ ಕಾರ್ಯಕ್ರಮಕ್ಕೂ ಹೋಗಿ, ಎರಡೂ ಹೆಸರು ಬರೆದವಳಿಗೆ ಜೋಡಿ ಸಿಗದಿದ್ದರೆ ಕೋಟಾ ಮೀರಿಯೂ ಒಂದು ಚಾಪ್ಟರಿಗೆ ಸೇರಿಸುವ ಅವಕಾಶ ಇದೆ. ಒಂದೇ ಬರೆದವಳಿಗೆ ಆ ಅವಕಾಶ ಇಲ್ಲ. ಹಾಗೆಂದು ಇಷ್ಟವಿಲ್ಲದ ಮನೆಯ ಹೆಸರನ್ನೂ ಬರೆಯಬಾರದು. ಸಹಿ ಹಾಕುವ ಒಪ್ಪಂದದ ಪ್ರಕಾರ, ಬರೆದ ಚಾಪ್ಟರಿನಿಂದ ಬಿಡ್ (ಸೇರಿಕೊಳ್ಳುವ ಆಹ್ವಾನ) ಬಂದು ಬೇಡವೆಂದರೆ ಮುಂದಿನ ವರ್ಷದ ರಿಕ್ರೂಟ್‌ಮೆಂಟಿನವರೆಗೆ ಆ ಕ್ಯಾಂಪಸ್ಸಿನಲ್ಲಿ ಈ ಒಕ್ಕೂಟದ ಬೇರೆ ಯಾವ ಚಾಪ್ಟರಿಗೂ ಸೇರುವಂತಿಲ್ಲ.

ಎಷ್ಟು ಜನ ಎಂಬುದನ್ನು ಲೆಕ್ಕ ಹೇಳುತ್ತದೆ. ಯಾರು ಎಂಬುದನ್ನು ಹೇಳುವುದು ಚಾಪ್ಟರಿನ ಒಳಕೋಣೆ, ಎಡವಟ್ಟಾಗುವುದು ಅಲ್ಲೇ. ಗದ್ದಲದ ಹಾಲಿನಲ್ಲಿ ಕೆಲವೇ ನಿಮಿಷ ಮಾತಾಡಿದ ಸದಸ್ಯೆ ಒಂದರಿಂದ ಐದರೊಳಗೆ ಅಂಕ ಒತ್ತುತ್ತಾಳೆ. ಮಾನದಂಡ ಬರೆದಿಡದಿದ್ದರೆ ಆ ಅಂಕ ಅಳೆಯುವುದು ‘ಇವಳು ನಮ್ಮಂಥವಳೇ’ ಎಂಬುದನ್ನು ಮಾತ್ರ. 2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಬಯಲಿಗೆಳೆದದ್ದು ಇದಕ್ಕಿಂತ ಕೆಟ್ಟದ್ದು: ಕಪ್ಪುವರ್ಣದ ಹುಡುಗಿಯನ್ನು ಸೇರಿಸಿಕೊಳ್ಳಲು ಒಳಗಿನ ಹುಡುಗಿಯರು ಸಿದ್ಧರಿದ್ದರೂ ಹಳೆಯ ಸದಸ್ಯೆಯರು ಅಡ್ಡಗಾಲು ಹಾಕಿದ್ದರು. ಆಮೇಲೆ ವಿಶ್ವವಿದ್ಯಾಲಯ ನಡುವೆ ಪ್ರವೇಶಿಸಿ, ಚಾಪ್ಟರಿನ ಒಟ್ಟು ಸದಸ್ಯರ ಮಿತಿಯನ್ನು 360ಕ್ಕೆ ಏರಿಸಿ, ವರ್ಷವಿಡೀ ಬಿಡ್ ಕೊಡುವ ಪದ್ಧತಿಯನ್ನು ಕಡ್ಡಾಯ ಮಾಡಿತು.

ಹಾಗಾದರೆ ಒಳ್ಳೆಯ ಚಾಪ್ಟರಿನ ನೀತಿಯಲ್ಲಿ ಏನಿರಬೇಕು? ನಾಲ್ಕೈದು ಮಾನದಂಡ, ಪ್ರತಿ ಅಂಕಕ್ಕೂ ಒಂದು ಸಾಲಿನ ವಿವರಣೆ. ಒಬ್ಬ ಹುಡುಗಿಯೊಂದಿಗೆ ಕನಿಷ್ಠ ಮೂವರಾದರೂ ಮಾತಾಡಿರಬೇಕು, ಮಾತಾಡದವರು ಅಂಕ ಹಾಕಬಾರದು. ಒಬ್ಬಳ ‘ಬೇಡ’ ಇಡೀ ಪಟ್ಟಿಯನ್ನು ಕೆಡಿಸದಂತೆ ಸರಾಸರಿ ಲೆಕ್ಕಕ್ಕೆ ಬರಬೇಕು. ಚರ್ಚೆಯಲ್ಲಿ ಗಾಳಿಮಾತು, ಇನ್‌ಸ್ಟಾಗ್ರಾಮಿನಲ್ಲಿ ಕಂಡದ್ದು ಇವಕ್ಕೆ ಜಾಗ ಇಲ್ಲ. ಹಳೆಯ ಸದಸ್ಯೆಯರು ಸಲಹೆ ಕೊಡಲಿ, ಮತ ಬೇಡ. ಆಡಳಿತ ಮಂಡಳಿಯ ಒಬ್ಬಳು ಪ್ರತಿ ಸುತ್ತಿನ ನಂತರ, ಯಾರು ಎಲ್ಲರಿಗಿಂತ ಬಿಗಿಯಾಗಿ ಅಂಕ ಹಾಕುತ್ತಿದ್ದಾರೆ ಎಂದು ನೋಡಿದರೆ ಅರ್ಧ ತೊಂದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಗ್ರೇಡಿನ ಮಿತಿ ಎಲ್ಲರಿಗೂ ಒಂದೇ ಇರಬೇಕು, ವಿನಾಯಿತಿ ಕೊಟ್ಟರೆ ಕಾರಣ ಬರೆದಿಡಬೇಕು. ಭಾರತದಲ್ಲಿ ಓದಿ ಬಂದವರಿಗೆ ಇಲ್ಲೊಂದು ಗುಂಡಿ ಇದೆ. ನಮ್ಮ ಪಿಯುಸಿಯಲ್ಲಿ 78 ಪರ್ಸೆಂಟ್ ಎಂದರೆ ಫಸ್ಟ್ ಕ್ಲಾಸು. ಅಮೆರಿಕದ ಸಾಮಾನ್ಯ ಅಳತೆಯಲ್ಲಿ ಅದು ಸಿ ಗ್ರೇಡು. ಅಂಕ ಪರಿವರ್ತನೆಯ ನಿಯಮ ಇಲ್ಲದ ಚಾಪ್ಟರಿನಲ್ಲಿ ಅವಳು ಬಾಗಿಲಿಗೆ ಬರುವ ಮೊದಲೇ ಪಟ್ಟಿಯಿಂದ ಹೊರಗೆ. ಅಂಕಪಟ್ಟಿಯ ಮೌಲ್ಯಮಾಪನವನ್ನು ರಿಜಿಸ್ಟ್ರೇಷನ್ ಹೊತ್ತಿಗೇ ಸೇರಿಸಿಬಿಡಿ. ತಾಯಿ ಅಜ್ಜಿ ಅದೇ ಸೊರೋರಿಟಿಯವರಾಗಿದ್ದರೆ ಸಿಗುತ್ತಿದ್ದ ಲೆಗಸಿ ಆದ್ಯತೆಯನ್ನು ಗಾಮಾ ಫೈ ಬೀಟಾ ಎಂಬ ಸೊರೋರಿಟಿ 2020ರಲ್ಲಿ ಕೈಬಿಟ್ಟಿತು, ಆಮೇಲೆ ಇನ್ನೂ ಕೆಲವು ಅದೇ ಹಾದಿ ಹಿಡಿದವು. ವಲಸೆ ಬಂದ ಮನೆಯ ಹುಡುಗಿಗೆ ಇದರಿಂದ ನಿಜವಾದ ಲಾಭ.

ಲಿಂಗದ ವಿಷಯದಲ್ಲಿ ಚಾಪ್ಟರಿನ ಕೈಯಲ್ಲಿ ಹೆಚ್ಚೇನೂ ಇಲ್ಲ. ಮಹಿಳೆಯರಿಗೆ ಮಾತ್ರ ಎಂದು ಇಟ್ಟುಕೊಳ್ಳಲು 1974ರ ತಿದ್ದುಪಡಿಯಿಂದ, ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ ಟೈಟಲ್ ನೈನ್ ಕಾನೂನಿನಲ್ಲಿ ವಿನಾಯಿತಿ ಇದೆ. ಟ್ರಾನ್ಸ್ ಮಹಿಳೆಯನ್ನು ಸೇರಿಸಿಕೊಂಡದ್ದರ ವಿರುದ್ಧದ ಮೊಕದ್ದಮೆಯನ್ನು 2023ರಲ್ಲಿ ವಯೋಮಿಂಗಿನ ಫೆಡರಲ್ ನ್ಯಾಯಾಧೀಶರು ವಜಾ ಮಾಡಿದಾಗಲೂ, ಸದಸ್ಯತ್ವದ ವ್ಯಾಖ್ಯೆ ಖಾಸಗಿ ಸಂಸ್ಥೆಗೇ ಬಿಟ್ಟದ್ದು ಎಂಬ ನಿಲುವು ತಳೆದರು. ರಾಷ್ಟ್ರೀಯ ಸಂಸ್ಥೆಯ ನೀತಿಯನ್ನೇ ಓದಬೇಕು.

ಸಿಗ್ಮಾ ಸಿಗ್ಮಾ ರೋ, ಡೆಲ್ಟಾ ಫೈ ಒಮೆಗಾ, ಕಪ್ಪಾ ಫೈ ಗಾಮಾ ಇವು ದಕ್ಷಿಣ ಏಷ್ಯಾದ ಹುಡುಗಿಯರು ಕಟ್ಟಿಕೊಂಡ ಸೊರೋರಿಟಿಗಳು, ಮೂರೂ 1998ರಲ್ಲಿ ಹುಟ್ಟಿದವು. ಇಲ್ಲಿ ಮೇಲಿನ ಲೆಕ್ಕ ಯಾವುದೂ ಇಲ್ಲ. ಜನ ಕಡಿಮೆ, ಎಲ್ಲರಿಗೂ ಎಲ್ಲರೂ ಗೊತ್ತು. ಬಾಂಧವ್ಯ ಹೆಚ್ಚು, ಹಾಗೆಯೇ ಹಳೆಯ ಗೆಳೆತನ, ಹಳೆಯ ಮುನಿಸು ಎರಡೂ ಅಂಕಪಟ್ಟಿಗೆ ನುಸುಳುವುದು ಸುಲಭ. ಸೇರಿದ ಮೇಲಿನ ತರಬೇತಿಗೆ ಎಷ್ಟು ವಾರ, ವಾರಕ್ಕೆ ಎಷ್ಟು ಗಂಟೆ ಎಂದು ಮೊದಲೇ ಕೇಳಿ. 2024ರ ಡಿಸೆಂಬರಿನಲ್ಲಿ ಬಂದ ಹೇಜಿಂಗ್ (ನಮ್ಮ ರ‍್ಯಾಗಿಂಗ್) ವಿರೋಧಿ ಫೆಡರಲ್ ಕಾನೂನಿನಿಂದಾಗಿ, ಯಾವ ಸಂಘಟನೆಗಳು ತಪ್ಪು ಮಾಡಿ ಸಿಕ್ಕಿಬಿದ್ದಿವೆ ಎಂಬ ವರದಿಯನ್ನು ಕಾಲೇಜುಗಳೇ ಪ್ರಕಟಿಸಬೇಕು. ಹೆಸರು ಕೊಡುವ ಮೊದಲು ಅದರ ಮೇಲೊಮ್ಮೆ ಕಣ್ಣಾಡಿಸಿ.

ಡ್ಯೂಸ್ (ಸದಸ್ಯತ್ವ ಶುಲ್ಕ) ಎಷ್ಟು, ಕಂತು ಇದೆಯೇ, ಮೊದಲ ವರ್ಷ ಹೆಚ್ಚುವರಿ ಶುಲ್ಕ ಎಷ್ಟು ಎಂಬುದನ್ನು ಪ್ರೆಫರೆನ್ಸ್ ಸುತ್ತಿನ ಮುಂಚೆ ಬರಹದಲ್ಲಿ ಕೊಡದ ಚಾಪ್ಟರಿನ ಹೆಸರನ್ನು ಪಟ್ಟಿಯಲ್ಲಿ ಕೆಳಗಿಡಿ. ಆಗಸ್ಟಿನ ರಷ್ ಗಲಾಟೆ ಬೇಡವೆನ್ನುವವರಿಗೆ ಓಪನ್ ಬಿಡ್ಡಿಂಗ್ ಇದೆ: ಮಿತಿ ತುಂಬದ ಚಾಪ್ಟರುಗಳು ಸೆಮಿಸ್ಟರಿನ ನಡುವೆಯೂ ಸೇರಿಸಿಕೊಳ್ಳುತ್ತವೆ. ಯಾವ್ಯಾವ ಚಾಪ್ಟರಿನಲ್ಲಿ ಜಾಗ ಇದೆ ಎಂಬುದನ್ನು ಸೊರೋರಿಟಿಗಳ ವ್ಯವಹಾರ ನೋಡಿಕೊಳ್ಳುವ ಕ್ಯಾಂಪಸ್ಸಿನ ಗ್ರೀಕ್ ಲೈಫ್ ಆಫೀಸಿನಲ್ಲಿ ಕೇಳಿದರೆ ಹೇಳುತ್ತಾರೆ.